ಚಾವಿ ಸರಿ ಅದೇನ್ರಿ, ಉಸ್ತಾದ?

ಬೀದರಿನ ಮಚ್ಛೇಂದ್ರನ ಕಿವಿ ಅಂದ್ರ ಏನಂದೀರಿ! ತಿರುಗೋ ಮಷೀನಿಗಿ ಉದ್ದನ್ನ ಸ್ಕ್ರೂಡ್ರೈವರ್ ಹಚ್ಚಿ, ಅದರ ಹಿಡಿಕಿ ಕಿವಿಗಿ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತ್ರ ಸಾಕು, ಒಳಗ ಯಾವ ಬೇರಿಂಗ್ ಸತ್ತದ ಅಂತ ಹೇಳಿಬಿಡ್ತಿದ್ದ. ಐವತ್ತೆರಡರ ಮನುಷ್ಯ, ಮೂವತ್ತು ವರ್ಷದ ಕಸುಬು. ಬೀದರ, ಭಾಲ್ಕಿ, ಔರಾದ, ಮೂರೂ ಕಡಿ ಮಂದಿ ಅವನಿಗಿ ಉಸ್ತಾದ ಅಂತಿದ್ರು. ಆ ಮಾತು ತಲಿಗಿ ಏರಿತ್ತು. ಸುಳ್ಳು ಯಾಕ ಹೇಳ್ಲಿ, ಭಾಳನೇ ಏರಿತ್ತು.

ಭಾಲ್ಕಿಯ ಸಂಜುಕುಮಾರನ ವರ್ಕ್‌ಶಾಪಿನಾಗ ಒಂದು ಹಳೀ ಮಿಲ್ಲಿಂಗ್ ಮಷೀನ್ ಅದ. ಅದರ ತಲಿ, ಅಂದ್ರ ಕಟರ್ ತಿರುಗಿಸೋ ಮ್ಯಾಲಿನ ಭಾಗ, ಎರಡು ವರ್ಷದ ಹಿಂದ ಬಿಚ್ಚಿ ರಿಪೇರಿ ಮಾಡಿದಾಂವ ಮಚ್ಛೇಂದ್ರನೇ. ತಿಂಗಳೊಳಗ ಅದು ಖಡಖಡ ಅನ್ಲಿಕ್ಕ ಹತ್ತಿತು. ಮತ್ತ ಅವನಿಗೇ ಕರೆಸಿದ್ರು.

ಮಷೀನ್ ನಡೆಸ್ತಿದ್ದಾಂವ ಔರಾದದ ಲಾಲ ಅಹ್ಮದ. ಹನ್ನೊಂದು ವರ್ಷ ಅದಕ್ಕ ಒರಸಿ, ಎಣ್ಣಿ ಹಾಕಿ, ಮನಿ ಮಗಳಂಗ ನೋಡ್ಕೊಂಡಾಂವ. "ಉಸ್ತಾದ, ಕಬ್ಬಿಣ ಕೊರಿಯುವಾಗ ಸುಮ್ಮ ಇರ್ತದರಿ. ಖಾಲಿ ತಿರುಗುವಾಗ ಬಡಬಡಸ್ತದ" ಅಂದ. ಮಚ್ಛೇಂದ್ರ ಒಂದು ಬೋಲ್ಟೂ ಬಿಚ್ಚಲಿಲ್ಲ. ತಾನು ಮಾಡಿದ ಕೆಲಸ ತಪ್ಪಾಗೋದುಂಟೇನು? ಹತ್ತು ಮಂದಿ ಎದುರಿಗಿ, "ಮಷೀನ್ ಛಲೋ ಅದ. ಇವನ ಕೈ ಹೋಗ್ಯಾವ" ಅಂದುಬಿಟ್ಟ.

ಅವನು ಗಾಡಿ ಏರುವಾಗ ಲಾಲ ಅಹ್ಮದ ಬೆನ್ನ ಹತ್ತಿ ಬಂದ. "ಚಾವಿ ಸರಿ ಅದೇನ್ರಿ, ಉಸ್ತಾದ?"

ನಮ್ಮ ಕಡಿ ಕೀಲಿ ತೆಗಿಯೋದಕ್ಕೂ ಚಾವಿ ಅಂತಾರ, ಪುಲ್ಲಿ ಮತ್ತ ಶಾಫ್ಟ್ ಕೂಡಿಸಿ ಹಿಡಿಯೋ ಬೆರಳಿನಷ್ಟು ಉಕ್ಕಿನ ತುಂಡಿಗೂ ಚಾವಿ ಅಂತಾರ. ಮಚ್ಛೇಂದ್ರ ಕಿಸೆ ಬಡ್ಕೊಂಡು, "ಇಲ್ಲೇ ಅದಪಾ! ಚಾವಿ ಇಲ್ಲದ ಗಾಡಿ ಚಾಲೂ ಆಗ್ತದೇನು?" ಅಂದ. ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು. ಲಾಲ ಅಹ್ಮದ ತಿರುಗಿ ಒಳಗ ಹೋದ. ಮರುವಾರ ಸಂಜುಕುಮಾರ ಅವನಿಗಿ ಕೆಲಸದಿಂದ ಬಿಡಿಸಿದ.

ಹೊಸಾ ಕೈ ಬಂತು, ಹೋಯ್ತು, ಸಪ್ಪಳ ಹೋಗ್ಲಿಲ್ಲ. ಈ ವರ್ಷ ಅದು ಎಷ್ಟು ಜೋರಾಯ್ತಂದ್ರ ಬಾಜೂದವರ ಮಾತು ಕೇಳ್ದಂಗಾಯ್ತು. ಈ ಸಲ ಮಚ್ಛೇಂದ್ರ ಬಿಚ್ಚಲೇಬೇಕಾಯ್ತು. ಮೊದಲು ಬೆಲ್ಟ್ ತೆಗೆದು ಬರೇ ಮೋಟರ್ ಹಚ್ಚಿದ. ಸಪ್ಪಳಿಲ್ಲ. ಅಂದ್ರ ಮೋಟರಿನ ಕಡಿ ತಪ್ಪಿಲ್ಲ. ತಲಿ ಕಡಿ ಪುಲ್ಲಿ ಕೈಲೇ ಹಿಂದ ಮುಂದ ಆಡಿಸಿದ. ಟಕ್, ಟಕ್. ಪುಲ್ಲಿ ಜಗ್ಗಿ ತೆಗೆದ್ರ ಒಳಗ ಸವೆದ ಚಾವಿ, ಅದರ ಸುತ್ತ ಮುದ್ದಿಯಾದ ಪತರಾ, ಅಂದ್ರ ತಗಡಿನ ತುಂಡು. ಪತರಾದ ಮ್ಯಾಲ ಹಳದಿ ಬಣ್ಣ ಇನ್ನೂ ಇತ್ತು.

ಅದು ನೋಡಿದ್ದೇ ತಡ, ಮಚ್ಛೇಂದ್ರ ತನ್ನ ಕೈಯ ಕೆಲಸ ಗುರುತು ಹಿಡಿದ. ರಿಪೇರಿ ದಿನ ಹೊಸಾ ಚಾವಿ ಅರದಿಂದ ಉಜ್ಜುವಾಗ ಒಂದೀಟು ಜಾಸ್ತಿ ಉಜ್ಜಿದ್ದ. ಸಡ್ಲಾಯ್ತು. ಕುಂತು ಇನ್ನೊಂದು ಮಾಡಬೇಕಿತ್ತು. ಬೀದರಿಗಿ ಹೋಗೋ ಗಡಬಡಿ! ಹಳದಿ ಎಣ್ಣಿ ಡಬ್ಬಿಯ ಪತರಾ ಕತ್ತರಿಸಿ, ಸುತ್ತಿ, ಹಾತೋಡಿಯಿಂದ ಬಡಿದು ಕೂಡಿಸಿದ್ದ. ಹಂಗಾರ ಲಾಲ ಅಹ್ಮದ ಯಾವ ಚಾವಿ ಕೇಳ್ಯಾನಂತ ಅವತ್ತು ಇವನಿಗಿ ತಿಳಿದಿರಲಿಲ್ಲೇನು? ತಿಳಿದಿತ್ರಿ. ಚಂದಾಗಿ ತಿಳಿದಿತ್ತು. ತಿಳಿದೇ ಕಿಸೆ ಬಡ್ಕೊಂಡಿದ್ದ.

ಪತರಾ ಮುಚ್ಚಿಟ್ಟಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ಗಳಿಗಿ ಮುಷ್ಟಿ ಮುಚ್ಚಿದ್ದ ಸೈತ. ಥೂ ನನ್ನ ಜಲ್ಮಕ್ಕ ಅಂತ ತನಗ ತಾನೇ ಬೈಕೊಂಡು ಮುಷ್ಟಿ ಬಿಚ್ಚಿದ. ಮಧ್ಯಾಹ್ನದ ತನಕ ಕುಂತು, ಉಜ್ಜಿ, ಅಳೆದು, ಗಚ್ಚಾಗಿ ಕೂಡೋ ಚಾವಿ ಮಾಡಿ ಹಾಕಿದ. ಮಷೀನ್ ತಣ್ಣಗ ತಿರುಗಿತು. ಆಗ ಸಂಜುಕುಮಾರನ ಮುಂದ ಪತರಾ ಇಟ್ಟು, "ತಪ್ಪು ನಂದೇ ಇತ್ತು. ಲಾಲ ಅಹ್ಮದನ ಕೈ ಛಲೋ ಇದ್ವು" ಅಂದ.

ಸಂಜುಕುಮಾರ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಹೋಗ್ಲಿ ಬಿಡ್ರಿ, ಹಳೀ ಮಾತು. ಅಂವ ಬರೋದಿದ್ರ ಬರ್ಲಿ, ಜಾಗಾ ಅದ."

ಬೈದಿದ್ರ ಎಷ್ಟೋ ಹಗುರಾಗ್ತಿತ್ತು. ಬೈಲೇ ಇಲ್ಲ.

ಮರುದಿನ ಮುಂಜಾನಿ ಔರಾದಕ್ಕ ಹೋದ. ಲಾಲ ಅಹ್ಮದ ಹಿಟ್ಟಿನ ಗಿರಣಿಯೊಳಗ ಮಂದಿಯ ಜ್ವಾಳದ ಚೀಲ ಎತ್ತಿ ಸುರಿಯೋ ಕೆಲಸದಾಗ ಇದ್ದ. ಮಚ್ಛೇಂದ್ರ ಅವನಿಗಿ ಹೊರಗ ಕರೆದು ಎಲ್ಲಾ ಹೇಳಿದ. ತಿಳಿದೂ ತಿಳಿದೂ ಮಂದಿಗಿ ನಗಿಸಿದ್ದೂ ಹೇಳಿದ.

ಲಾಲ ಅಹ್ಮದ ಕೈಗಿ ಹತ್ತಿದ ಹಿಟ್ಟು ಒರಸ್ಕೊಂಡ. ಆಮ್ಯಾಲ, "ಖರೇನ್ರಿ?" ಅಂದ. "ನನಗ ಮೊದಲು ಚಾವಿದೇ ಅನುಮಾನ ಇತ್ರಿ. ಆದ್ರ ಕೈ ಹೋಗ್ಯಾವ ಅಂತ ನೀವೇ ಅಂದ ಮ್ಯಾಲ ನಾನೂ ನಂಬಿದೆ. ಹೋದ ವರ್ಷ ಬೀದರದವರು ಒಬ್ಬರು ಮಷೀನ್ ಕೆಲಸಕ್ಕ ಕರಿಲಿಕ್ಕ ಮನಿ ತನಕ ಬಂದಿದ್ರು. ನನ್ನ ಕೈ ಹೋಗ್ಯಾವರಿ, ನಿಮ್ಮ ಮಷೀನ್ ಹಾಳಾಗ್ತದ ಅಂತ ನಾನೇ ತಿರುಗಿ ಕಳಿಸ್ದೆ."

ಮಾಫಿ ಕೇಳ್ಬೇಕಂತ ಮಚ್ಛೇಂದ್ರ ದಾರಿ ತುಂಬ ಮಾತು ಜೋಡಿಸ್ಕೊಂಡು ಬಂದಿದ್ದ. "ಭಾಲ್ಕಿಗಿ ಬಾ. ಜಾಗಾ ಖಾಲಿ ಅದ" ಅಂದ, ಅಷ್ಟೇ.

"ಬರ್ತೇನ್ರಿ" ಅಂದ ಲಾಲ ಅಹ್ಮದ. "ಆದ್ರ ಮೊದಲ ದಿನ ನೀವು ನನ್ನ ಬಾಜೂಕ ನಿಂದರ್ಬೇಕು. ಮಷೀನಿಗಿ ಕೈ ಹಚ್ಚಲಿಕ್ಕ ಅಂಜಿಕಿ ಬರ್ತದ."