ಮೂಗಿನ ಮೇಸ್ತ್ರಿಯ ಮೇಣದಬತ್ತಿ

ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳಿಂದ ಉರಿದು ಮನೆ ಬೆಚ್ಚಗಿಡುವ ಒಲೆಗಳಿಗೆ ಹೊಗೆಕೊಳವೆ ಜೋಡಿಸುವುದು ಅವನ ಕಸುಬು. ಮೂವತ್ತು ವರ್ಷಗಳಿಂದ ಕ್ರಮ ಒಂದೇ: ಕೊಳವೆ ಕೂಡಿಸಿ, ಒಲೆ ಹಚ್ಚಿ, ಪ್ರತಿ ಸಂದಿಯನ್ನೂ ಮೂಸಿ ನೋಡಿ, ಹೊಗೆಯ ವಾಸನೆ ಬಂದಲ್ಲಿ ಮಾತ್ರ ಅಂಟು ಹಚ್ಚುವುದು. ಹೀಗಾಗಿ ಜನ ಅವನನ್ನು ಮೂಗಿನ ಮೇಸ್ತ್ರಿ ಎನ್ನುತ್ತಿದ್ದರು. ಎಲ್ಲ ಸಂದಿಗೂ ಅಂಟು ಬಳಿದು, ಮೇಣದಬತ್ತಿ ಹಿಡಿದು ಪರೀಕ್ಷಿಸುವವರನ್ನು ಕಂಡರೆ, "ದೇವರು ಮೂಗು ಕೊಟ್ಟಿದ್ದು ಬರೀ ನೆಗಡಿಗಾ?" ಎಂದು ನಗುತ್ತಿದ್ದ.

ಹೋದ ಚಳಿಗಾಲದಲ್ಲಿ ಅವನಿಗೆ ಬಂದ ಜ್ವರ ಬಿಟ್ಟಿತು. ಜ್ವರದಲ್ಲಿ ಹೋದ ವಾಸನೆಯ ಶಕ್ತಿ ಮರಳಿ ಬರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಮೊದಲಿನಂತೆಯೇ ಬಗ್ಗಿ, ಮೂಸಿ, ತಲೆಯಾಡಿಸಿ, ಅಂದಾಜಿಗೆ ಒಂದೆರಡು ಕಡೆ ಅಂಟು ಹಚ್ಚಿ ಬರುತ್ತಿದ್ದ. ಉಬ್ಬಸವಿದ್ದ ತನ್ನ ಅಕ್ಕನ ಮನೆಯಲ್ಲೂ ಹಾಗೆಯೇ ಮಾಡಿದ್ದ.

ಅವಳು ಅವನನ್ನು ಕರೆಸಿದ್ದು ಇದು ಮೂರನೆಯ ಸಲ.

"ಮತ್ತೆ ಹೊಗೆ ಕಣೋ. ಬೆಳಗ್ಗೆಯಿಂದ ಎದೆ ಕಟ್ಟಿದೆ."

ಅವನು ಮೊಣಕಾಲೂರಿ ಮೂಸಿದ. "ಏನೂ ಇಲ್ಲಕ್ಕ. ಗುಳಿಗೆ ಹಸಿ ಇರ್ಬೇಕು."

"ಮೊದಲ ಸಲ ನನ್ನ ವಯಸ್ಸು ಅಂದೆ, ಆಮೇಲೆ ಗಾಳಿ ಅಂದೆ. ಇನ್ನು ಉಳಿದಿರೋದು ನನ್ನ ಹಣೆಬರಹ."

ಅವನು ನಕ್ಕ. ಅವಳು ನಗಲಿಲ್ಲ. "ಅಡುಗೆಮನೇಲಿ ಹಾಲು ತಳ ಹಿಡಿದು ಹತ್ತು ನಿಮಿಷ ಆಯ್ತು. ಬೇಕಂತಲೇ ಬಿಟ್ಟೆ. ಯಾವಾಗಿಂದ ಈ ಗತಿ?"

"ಜ್ವರ ಬಂದಾಗಿಂದ."

"ಹೇಳೋಕೆ ಬಾಯೂ ಹೋಗಿತ್ತಾ?"

ಅವಳೇ ಮೇಣದಬತ್ತಿ ಹಚ್ಚಿ ಅವನ ಕೈಗಿತ್ತಳು. ಒಲೆಯ ಫ್ಯಾನು ಹೊಗೆಯನ್ನು ಕೊಳವೆಯೊಳಗೆ ತಳ್ಳುತ್ತಿತ್ತು. ಮೊದಲ ಸಂದಿಯಲ್ಲೇ ಸೋರುವ ಹೊಗೆಗೆ ಜ್ವಾಲೆ ಹೊರಕ್ಕೆ ಬಾಗಿತು. ಎರಡನೆಯದರಲ್ಲೂ ಅಷ್ಟೇ. ತಿರುವಿನ ಹತ್ತಿರ ಆರಿಯೇ ಹೋಯಿತು.

"ಬಿಚ್ಚಿ ಅಂಟು ಹಚ್ಚಿದ್ರೆ ಆಯ್ತಲ್ಲ?"

"ಇಲ್ಲಿ ಆಯ್ತಕ್ಕ. ಜ್ವರ ಬಂದ್ಮೇಲೆ ಕೊಳವೆ ಹಾಕಿದ ಮನೆ ನಲವತ್ತೊಂದು. ಎಲ್ಲಾ ಹೀಗೇ ಇರುತ್ತೆ."

"ಹೋಗಿ ಹೇಳು."

"ಹೇಳಿದ್ಮೇಲೆ ನನಗೆ ಕೆಲಸ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ," ಎಂದಳು. ಸಮಾಧಾನಕ್ಕಾಗಿ ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ.

ಅವನು ಒಲೆ ಆರಿಸಿದ. ಕೊಳವೆ ತಣ್ಣಗಾಗುವವರೆಗೆ ಇಬ್ಬರೂ ಕಂಬಳಿ ಹೊದ್ದು ಕೂತರು. ಆಮೇಲೆ ಅವನು ಎಲ್ಲವನ್ನೂ ಬಿಚ್ಚಿ, ಹೊಸದಾಗಿ ಕೆಲಸ ಕಲಿಯುವವನಂತೆ ಪ್ರತಿ ಸಂದಿಗೂ ಅಂಟು ಬಳಿದ. ಅರ್ಧ ಉರಿದ ಮೇಣದಬತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಆ ನಲವತ್ತೊಂದರಲ್ಲಿ ಮೊದಲನೆಯದು ಪಕ್ಕದ ಬೀದಿಯಲ್ಲಿತ್ತು. ಆ ಮನೆಯ ಹೆಂಗಸು ಬಾಗಿಲು ತೆರೆದು ಮುಖವರಳಿಸಿದಳು. "ಓ, ಮೂಗಿನ ಮೇಸ್ತ್ರಿ! ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ ಬಿಡಿ."

ಒಳಗೆ ಮಗುವೊಂದು ಕೆಮ್ಮುತ್ತಿತ್ತು.