ಕೈ ಕೆಳಗಿನ ಕೈ

ಹರಪನಹಳ್ಳಿ ತಾಲೂಕು ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷ ಉಜ್ಜಿನಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಸುದ್ದಿ ತಿಳಿದ ತಮ್ಮ ಕೊಟ್ರಸ್ವಾಮಿ ಒಂದು ಮುಂಜಾನೆ ಚಿಗಟೇರಿಯಿಂದ ಟ್ರ್ಯಾಕ್ಸ್ ಜೀಪು ತಂದು ಅಣ್ಣನ ಹಿಟ್ಟಿನ ಗಿರಣಿ ಮುಂದೆ ನಿಲ್ಲಿಸಿದ. ಅಣ್ಣನನ್ನು ಊರಿಗೆ ಒಯ್ಯಲು ಬಂದಿದ್ದ. ಯರ್ರೆಪ್ಪ ಬಾಗಿಲಿಗೆ ಅಡ್ಡ ನಿಂತ.

ಹರೆಯದಲ್ಲಿ ಕುರಿ ಕಾಯುವುದು ಬಿಟ್ಟು ಈ ಗಿರಣಿಗೆ ಕೆಲಸಕ್ಕೆ ಬಂದವನು ಯರ್ರೆಪ್ಪ. ಉಜ್ಜಿನಪ್ಪ ತನಗೆ ಬಂದ ಮದುವೆ ಸಂಬಂಧಗಳನ್ನೆಲ್ಲ ಬೇಡವೆಂದ. ಇವನನ್ನು ಮಾತ್ರ ಬಿಡಲಿಲ್ಲ. ಹಿಂದಿನ ಕೋಣೆಯಲ್ಲಿ ಇಬ್ಬರೂ ಒಂದೇ ಕಂಬಳಿಯಡಿ ಗಂಡ ಹೆಂಡಿರಂತೆ ಬಾಳಿ ತಲೆ ನರೆಸಿಕೊಂಡಿದ್ದರು. "ನಿಮ್ಮಿಬ್ಬರಾಗ ಗಂಡ ಯಾರ್ರಿ?" ಎಂದು ಬೀಸಿಸಲು ಬಂದ ಮೈಲಮ್ಮ ಕೆಣಕಿದರೆ, "ಇಬ್ಬರ ಮಕಕ್ಕೂ ಹಿಟ್ಟು ಮೆತ್ತೇತಿ, ನೀನ ಗುರುತು ಹಿಡಿಯವ್ವ" ಎಂದು ಉಜ್ಜಿನಪ್ಪ ನಗುತ್ತಿದ್ದ.

"ಹಾದಿ ಬಿಡು," ಎಂದ ಕೊಟ್ರಸ್ವಾಮಿ. "ಲಿಂಗಪೂಜಿ ಇಲ್ದ ನಮ್ಮಣ್ಣ ನೀರು ಸೈತ ಕುಡಿಯಲ್ಲ. ನೀ ಮುಟ್ಟೀಯೇನಲೇ ಅವನ ಲಿಂಗಾನ?"

"ಇಲ್ರಿ. ಕೈ ಅಷ್ಟ ಹಿಡೀತೀನಿ."

"ಸರಿ ಅತ್ಲಾಗ, ನಾನ ಹಿಡೀತೀನಿ."

ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದ ಉಜ್ಜಿನಪ್ಪ ಬಲಗೈಯಿಂದ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟ. ಕೊಟ್ರಸ್ವಾಮಿ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಹಿಡಿದಷ್ಟೂ ಕೈ ಸೆಟೆದು ವಾಲಿತು. ಲಿಂಗ ಅಂಚಿಗೆ ಜಾರಿತು. ಇನ್ನೊಬ್ಬರ ಲಿಂಗ ಮುಟ್ಟುವಂತಿಲ್ಲ. ನೆಲಕ್ಕೆ ಬಿದ್ದರೆ ಅಣ್ಣ ಅನ್ನವನ್ನೇ ಬಿಟ್ಟಾನು.

ಯರ್ರೆಪ್ಪನಿಗೆ ಉಪಾಯ ಗೊತ್ತಿತ್ತು. ಆದರೆ ತೋರಿಸಿದರೆ ಇವನೂ ಕಲಿತುಬಿಡುತ್ತಾನೆ, ಕರೆದೊಯ್ಯುತ್ತಾನೆ. ಸುಮ್ಮನಿದ್ದರೆ ಲಿಂಗ ಬೀಳುತ್ತದೆ.

"ಬಿಡ್ರೀ!" ಎಂದು ಮುನ್ನುಗ್ಗಿದ. ಉಜ್ಜಿನಪ್ಪನ ಮೊಣಕೈಗೆ ತನ್ನ ಮೊಣಕಾಲು ಆಸರೆ ಕೊಟ್ಟು, ಆ ಕೈ ಕೆಳಗೆ ತನ್ನ ಅಂಗೈ ಇಟ್ಟು, ಹೆಬ್ಬೆರಳ ಬುಡವನ್ನು ಮೆಲ್ಲಗೆ ತಿಕ್ಕಿದ. ಸೆಟೆತ ಇಳಿಯಿತು. ಲಿಂಗ ನಿಂತಿತು. ಪೂಜೆ ಮುಗಿಯುವವರೆಗೆ ಯರ್ರೆಪ್ಪ ಕೈ ತೆಗೆಯಲಿಲ್ಲ.

"ಆತು, ನನಗೂ ತಿಳೀತು," ಎಂದ ಕೊಟ್ರಸ್ವಾಮಿ, ದನಿ ತಗ್ಗಿಸಿ. "ಬೇಕಾದ್ರ ನೀನೂ ಬಾ. ದನದ ಮನಿಯಾಗ ಜಾಗ ಕೊಡ್ತೀವಿ."

"ರಾತ್ರಿ ಅವನ ಮಗ್ಗಲು ಬದಲಿಸಬೇಕ್ರಿ. ಅವನ ಬಾಜೂಕ ಜಾಗ ಕೊಟ್ರ ಬರ್ತೀನಿ."

"ಹೆಣ್ಣುಮಕ್ಕಳು ಇರೋ ಮನಿ ಅದು!" ಕೊಟ್ರಸ್ವಾಮಿ ಸಿಟ್ಟಿನಿಂದ ಅಣ್ಣನ ಕಂಕುಳಿಗೆ ಕೈಹಾಕಿ ಎತ್ತಲು ಹೋದ. ಉಜ್ಜಿನಪ್ಪನ ಬಲಗೈ ಯರ್ರೆಪ್ಪನ ಧೋತರವನ್ನು ಗಟ್ಟಿಯಾಗಿ ಹಿಡಿಯಿತು.

"ಬರಲ್ಲ," ಎಂದ ತೊದಲುತ್ತ. "ನನ್ನ ಮನಿ... ಇದ."

ಕೊಟ್ರಸ್ವಾಮಿ ಕೈಬಿಟ್ಟ. ಹೊಸ್ತಿಲ ಬಳಿ ತಿರುಗಿ, "ಊರಾಗ ಕೇಳಿದ್ರ ಏನು ಹೇಳ್ಲಿ?" ಎಂದ.

"ಬರಲ್ಲ ಅಂದ ಅಂತ ಹೇಳ್ರಿ," ಎಂದ ಯರ್ರೆಪ್ಪ.

ಟ್ರ್ಯಾಕ್ಸ್ ಹೊರಟಿತು. ಅದರ ಸದ್ದು ಅಡಗುವ ತನಕ ಉಜ್ಜಿನಪ್ಪ ಹಿಡಿದ ಧೋತರ ಬಿಡಲಿಲ್ಲ.

"ಲೇ ಯರ್ರೀ," ಎಂದ ಆಮೇಲೆ. "ನೀರು ಕೊಡು."