ಅಳಿಸಿದ ಐದು ಸುತ್ತು

ವೀಕ್ಷಣಾಲಯದ ಅಳತೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕೂತವಳನ್ನು ಎಲ್ಲರೂ ಅಳತೆಯಕ್ಕ ಎನ್ನುತ್ತಿದ್ದರು. ದೂರದರ್ಶಕ ತೆಗೆದ ಫೋಟೋಗಳಿಗೆ ಭೂತಗನ್ನಡಿ ಹಿಡಿದು ಒಂದೊಂದು ಚುಕ್ಕೆಯನ್ನೂ ಅಳೆದು ಸುತ್ತು ಹಾಕುವುದು ಅವಳ ಕೆಲಸ. ಅಲ್ಲೊಂದು ಕಟ್ಟಳೆ: ಅಳೆಯುವವರಿಗೆ ಪೆನ್ಸಿಲ್, ವಿಜ್ಞಾನಿಗಳಿಗೆ ಶಾಯಿ. ವಿಜ್ಞಾನಿ ಒಪ್ಪಿ ಶಾಯಿ ಹಾಕದ ಸುತ್ತನ್ನು ವರ್ಷದ ಕೊನೆಗೆ ರಬ್ಬರಿನಿಂದ ಉಜ್ಜಬೇಕು. ಉಜ್ಜುವುದರಲ್ಲಿ ಅವಳದು ಎತ್ತಿದ ಕೈ. ಹೊಗಳಿದರೆ ಉಬ್ಬಿಹೋಗುತ್ತಿದ್ದಳು, ಪಾಪ.

ಒಮ್ಮೆ, ಇದೆಯೋ ಇಲ್ಲವೋ ಎನ್ನುವಷ್ಟು ಮಸುಕಾದ ಕುಬ್ಜ ಗ್ಯಾಲಕ್ಸಿಯೊಂದರಲ್ಲಿ ಐದು ಚುಕ್ಕೆ ಕಂಡವು. ಅಂಚು ಚೂಪಾಗಿಲ್ಲ, ಕಾಗದಕ್ಕೆ ಇಳಿದ ಎಣ್ಣೆ ಹನಿಯಂತೆ ಹರಡಿವೆ. ಹನ್ನೊಂದು ಸಲ ಅಳೆದು ಮುಖ್ಯಸ್ಥರ ಬಳಿ ಓಡಿದಳು.

"ಸರ್, ಇವು ಒಂಟಿ ನಕ್ಷತ್ರ ಅಲ್ಲ, ಗೋಳಗುಚ್ಛ. ಒಂದೊಂದರಲ್ಲೂ ಸಾವಿರಾರು ನಕ್ಷತ್ರ."

"ಇಷ್ಟು ಬಡಕಲು ಗ್ಯಾಲಕ್ಸೀಲಿ ಐದು ಗುಚ್ಛಾನಾ? ನಮ್ಮ ಗ್ಯಾಲಕ್ಸಿ ನಕ್ಷತ್ರಗಳೇ ನಡುವೆ ಅಡ್ಡ ಬಂದಿವೆ. ಅಳಿಸಮ್ಮ."

ಅಳಿಸಿದಳು. ಮನೆಯಲ್ಲಿ ಗಂಡ ನಕ್ಕ: "ಐದು ಚುಕ್ಕೆ ಹೋದ್ರೆ ಆಕಾಶ ಬೀಳತ್ತಾ?"

"ದೊಡ್ಡ ಗ್ಯಾಲಕ್ಸಿಗಳು ಚಿಕ್ಕವನ್ನ ನುಂಗಿ ಬೆಳೆದವು ರೀ. ಇದು ಹೇಗೋ ತಪ್ಪಿಸಿಕೊಂಡಿದೆ. ಮೊದಲು ಏನೇನಾಯ್ತು ಅನ್ನೋದು ಆ ಮುದಿ ಗುಚ್ಛಗಳಿಗೇ ಗೊತ್ತು." ಅವನು ಆಗಲೇ ಟೀವಿ ಕಡೆ ತಿರುಗಿದ್ದ.

ಅವಳು ನಿವೃತ್ತಳಾದ ಮೇಲೆ ಪತ್ರಿಕೆಯಲ್ಲಿ ಅದೇ ಮುಖ್ಯಸ್ಥರ ಫೋಟೋ ಬಂತು. ಹೊಸ ದೂರದರ್ಶಕದಲ್ಲಿ ಅದೇ ಗ್ಯಾಲಕ್ಸಿ, ಅವೇ ಐದು ಗುಚ್ಛ, ಕಂಡುಹಿಡಿದವರು ಇವರಂತೆ! ಹಳೆಯ ಫೋಟೋದಲ್ಲಿ ಗುರುತು ಸಿಕ್ಕರೆ ಗುರುತಿಸಿದವರ ಹೆಸರೇ ಮೊದಲು ಎಂಬ ನಿಯಮ ವೀಕ್ಷಣಾಲಯದಲ್ಲಿತ್ತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ದಾಖಲೆ ಕೋಣೆಯಲ್ಲಿದ್ದವಳು ಅವಳ ಕೈಕೆಳಗೇ ಕೆಲಸ ಕಲಿತವಳು. ಫೋಟೋ ಹುಡುಕಿ ತಂದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಐದು ಚುಕ್ಕೆಗಳೂ ಇದ್ದವು. ಸುತ್ತಿನ ಸುಳಿವಿರಲಿಲ್ಲ.

"ಬೇರೆಯವರು ಅಳಿಸಿದ್ದರಲ್ಲಿ ಗೀರಾದ್ರೂ ಉಳಿದಿರತ್ತೆ ಅಕ್ಕಾ. ಗೆರೆ ಒತ್ತಬೇಡ, ಅಳಿಸಿದ್ದು ಗೊತ್ತಾಗಬಾರದು ಅಂತ ನೀವೇ ಕಲಿಸಿದ್ರಿ." ಆಮೇಲೆ ಮೆಲ್ಲಗೆ ಪೆನ್ಸಿಲ್ ಮುಂದೆ ಚಾಚಿದಳು. "ಈಗ ಹಾಕಿಬಿಡಿ. ಯಾರಿಗೆ ತಿಳಿಯತ್ತೆ?"

ಅಳತೆಯಕ್ಕ ಪೆನ್ಸಿಲ್ ಹಿಡಿದಳು. ಮೊದಲ ಚುಕ್ಕೆಯ ತನಕ ತಂದಳು.

"ಬೇಡ. ಇವತ್ತು ಹಾಕಿದ್ರೆ ಸುಳ್ಳಾಗತ್ತೆ. ಅವತ್ತು ಅಳಿಸಿದ್ದೂ ಸುಳ್ಳೇ," ಎಂದು ವಾಪಸು ಕೊಟ್ಟಳು.

ಸಮಾಧಾನ ಮಾಡಲೆಂದು ಶಿಷ್ಯೆ ಫೋಟೋ ಮೇಲೆ ಬೆರಳಾಡಿಸಿದಳು. "ಎಷ್ಟು ಚೆನ್ನಾಗಿ ಅಳಿಸಿದೀರಿ ಅಕ್ಕಾ!"

ಅಳತೆಯಕ್ಕ ಕೇಳಿಸದವಳಂತೆ ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದಳು.